ತಾಂತ್ರಿಕ ಯುಗದಲ್ಲಿ ಉನ್ನತ ಶಿಕ್ಷಣದ ಗುರಿ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಲಾಗಿದ್ದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ನಿಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಿಮ್ಮೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳುವ ಅವಕಾಶವನ್ನಿತ್ತ ಸ್ವಾಗತ ಸಮಿತಿಯವರಿಗೆ ನಾನು ಕೃತಜ್ಞನಾಗಿದ್ದೇನೆ. ನಾನು ದೊಡ್ಡ ವಿದ್ವಾಂಸನಲ್ಲ. ವಾಗ್ಮಿಯಂತೂ ಅಲ್ಲವೇ ಅಲ್ಲ. ಮೂವತ್ತನಾಲ್ಕು ವರ್ಷಗಳ ಕಾಲ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸಿ ನಿವೃತ್ತನಾದ ಒಬ್ಬ ಮೇಷ್ಟರು. ತಾಂತ್ರಿಕ ಯುಗ, ಮೌಲ್ಯಗಳ ಬೋಧನೆ, ಉನ್ನತ ಶಿಕ್ಷಣದ ಗುರಿ ಎಂಬ ಭಾರವಾದ ವಿಷಯವನ್ನು ನನ್ನ ಹೆಗಲ ಮೇಲಿರಿಸಿದ್ದಾರೆ. ನಾನು ಕಂಡುಂಡ ಅನುಭವದ ಮಿತಿಯೊಳಗೆ ಅದನ್ನು ಹೊರಲು ಪ್ರಯತ್ನಿಸುತ್ತೇನೆ.

ಇಂದು ಬೆಳಿಗ್ಗೆ ಬಲಿಪೂಜೆಯ ಅನಂತರ ಶಾಲೆಯ ಕೊಠಡಿಯಲ್ಲಿ ಏರ್ಪಡಿಸಿರುವ ವಸ್ತುಪ್ರದರ್ಶನವನ್ನು ನೋಡಿದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಈ ಧರ್ಮಕೇಂದ್ರದ ಮೊದಲ ವಿವಾಹ ದಾಖಲೆಯ ಪುಸ್ತಕವನ್ನು ತೆರೆದಿಟ್ಟಿದ್ದಾರೆ. ಕಾಗದ ಕಂದಿದೆ, ಶಾಯಿ ಮಾಸಿದೆ. ವಧೂವರರ ಹೆಸರುಗಳ ಕೆಳಗೆ ಇಬ್ಬರು ಸಾಕ್ಷಿಗಳ ಗುರುತು, ಅದರ ಕೆಳಗೆ ಗುರುಗಳ ಸಹಿ. ತೆರೆದಿಟ್ಟ ಆ ಪುಟದಲ್ಲಿ ಸಾಕ್ಷಿಗಳಾದವರಲ್ಲಿ ಹೆಚ್ಚಿನವರು ಹೆಬ್ಬೆಟ್ಟು ಒತ್ತಿದ್ದಾರೆ. ಅಕ್ಷರ ಬಾರದ ಆ ಜನ ತಾವು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಹೆಬ್ಬೆಟ್ಟು ಒತ್ತಿದರು. ಆದ್ದರಿಂದಲೇ ಇಷ್ಟು ವರ್ಷಗಳ ಮೇಲೂ ಆ ಪುಟವನ್ನು ನಾವು ನಂಬುತ್ತೇವೆ. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ಇಂಜಿನಿಯರರಾಗಿದ್ದಾರೆ, ವೈದ್ಯರಾಗಿದ್ದಾರೆ, ಲೆಕ್ಕಪರಿಶೋಧಕರಾಗಿದ್ದಾರೆ. ದಿನಕ್ಕೆ ಹತ್ತು ಕಡೆ ಸಹಿ ಹಾಕುತ್ತಾರೆ. ಆ ಸಹಿಗಳಿಗೆ ಆ ಹೆಬ್ಬೆಟ್ಟಿನಷ್ಟು ಬೆಲೆಯಿದೆಯೇ? ನನ್ನ ಇಂದಿನ ಮಾತುಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಬಂಧುಗಳೇ, ನಮ್ಮ ಮಕ್ಕಳನ್ನು ನಾವು ಕಾಲೇಜಿಗೆ ಏಕೆ ಕಳುಹಿಸುತ್ತೇವೆ? ಉದ್ಯೋಗಕ್ಕಾಗಿ ಎಂದು ಉತ್ತರಿಸಲು ಯಾರೂ ನಾಚಬೇಕಾಗಿಲ್ಲ. ಹಸಿವನ್ನು ಬಲ್ಲ ಮನೆತನಗಳಿಂದ ಬಂದವರು ನಾವು. ಮಗನ ಶುಲ್ಕಕ್ಕಾಗಿ ಅಡಿಕೆ ತೋಟವನ್ನು ಅಡವಿಟ್ಟ ತಂದೆಯರನ್ನೂ, ಮಗಳ ವಿದ್ಯೆಗಾಗಿ ಕಿವಿಯ ಓಲೆಯನ್ನು ಬಿಚ್ಚಿಕೊಟ್ಟ ತಾಯಂದಿರನ್ನೂ ನಾನು ಬಲ್ಲೆ. ಅನ್ನದ ದಾರಿ ತೋರಿಸದ ವಿದ್ಯೆಯನ್ನು ಹೊಗಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬಿದವರೇ ಆಗಿರುತ್ತಾರೆ.

ನಮ್ಮ ನಾಡಿನಲ್ಲಿ ಉನ್ನತ ಶಿಕ್ಷಣಕ್ಕೆ ಅಡಿಪಾಯ ಹಾಕಿದವರೂ ಇದನ್ನು ಬಲ್ಲವರೇ. 1880ರಲ್ಲಿ ಯೇಸುಸಭೆಯ ಗುರುಗಳು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು. 1882ರಲ್ಲಿ ಬೆಂಗಳೂರಿನಲ್ಲಿ ಫ್ರೆಂಚ್ ಮಿಶನರಿಗಳಿಂದ ಸಂತ ಜೋಸೆಫರ ಕಾಲೇಜು ಆರಂಭವಾಯಿತು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಲೋಚನೆಯಿಂದ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ಬಂತು. 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನು ಸ್ಥಾಪಿಸಿದರು. ಇವುಗಳಲ್ಲಿ ಓದಿದವರು ಉದ್ಯೋಗ ಹಿಡಿದರು, ಮನೆಗಳನ್ನು ಎತ್ತಿ ನಿಲ್ಲಿಸಿದರು. ಅದು ನಿಜವಾದ ಪುಣ್ಯಕಾರ್ಯ.

ಆದರೆ ಕಾಲಕ್ರಮೇಣ ಒಂದು ಬದಲಾವಣೆಯಾಯಿತು. ಉದ್ಯೋಗವು ವಿದ್ಯೆಯ ಫಲವಾಗಿರುವುದರ ಬದಲು ವಿದ್ಯೆಯ ಏಕಮಾತ್ರ ಅರ್ಥವಾಗಿಬಿಟ್ಟಿತು. ವೃತ್ತಿಶಿಕ್ಷಣದ ಸ್ಥಾನಗಳು ಬೆಲೆ ಕಟ್ಟುವ ಸರಕಾದವು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಲು ನಮ್ಮ ರಾಜ್ಯ 1984ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 1992ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅಂಥ ವಸೂಲಿಯನ್ನು ಖಂಡಿಸಿತು. ಕೊಂಡುತಂದ ಸರಕಿನಿಂದ ಮೊದಲು ಹಾಕಿದ ಬಂಡವಾಳವನ್ನು ಹಿಂದೆ ಪಡೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಅಲ್ಲಿಗೆ, ವಿದ್ಯೆ ಏತಕ್ಕೆ ಎಂಬ ಪ್ರಶ್ನೆ ಕೇಳುವ ಮೊದಲೇ ಅದರ ಉತ್ತರ ಬರೆದಾಗಿರುತ್ತದೆ.

ಈ ಕೊರತೆಯನ್ನು ತುಂಬಲು ಕಾಲೇಜುಗಳು ಮೌಲ್ಯಶಿಕ್ಷಣವೆಂಬ ಒಂದು ತರಗತಿಯನ್ನು ಇಟ್ಟುಕೊಂಡಿವೆ. ವಾರಕ್ಕೊಂದು ಗಂಟೆ, ಸಾಮಾನ್ಯವಾಗಿ ಮಧ್ಯಾಹ್ನದ ಊಟದ ಮೇಲಿನ ಗಂಟೆ. ಸತ್ಯ, ಅಹಿಂಸೆ, ಪರೋಪಕಾರ ಎಂದು ಕರಿಹಲಗೆಯ ಮೇಲೆ ಬರೆಯುತ್ತಾರೆ, ಹುಡುಗರು ತೂಕಡಿಸುತ್ತಾರೆ. ನಾನೂ ಅಂಥ ತರಗತಿಗಳನ್ನು ತೆಗೆದುಕೊಂಡಿದ್ದೇನೆ. ಆದರೆ ನನ್ನ ವಿದ್ಯಾರ್ಥಿಗಳಿಗೆ ಸತ್ಯದ ವಿಷಯವಾಗಿ ನಾನು ನಿಜವಾಗಿ ಕಲಿಸಿದ್ದು ಆ ಗಂಟೆಯಲ್ಲಿ ಅಲ್ಲ. ಎಲ್ಲಿ ಕಲಿಸಿದೆ, ಏನು ಕಲಿಸಿದೆ ಎಂಬುದನ್ನು ಇಂದು ನಿಮ್ಮ ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸರಳ ಲೋಲಕದ ಪ್ರಯೋಗವೊಂದಿದೆ. ದಾರದ ತುದಿಗೆ ಒಂದು ಲೋಹದ ಗುಂಡನ್ನು ಕಟ್ಟಿ ತೂಗಬಿಡುವುದು. ದಾರದ ಉದ್ದವನ್ನು ಅಳೆಯುವುದು. ಇಪ್ಪತ್ತು ಬಾರಿ ಹೋಗಿ ಬರಲು ಹಿಡಿಯುವ ಕಾಲವನ್ನು ಸ್ಟಾಪ್‌ವಾಚಿನಿಂದ ಗುರುತಿಸುವುದು. ಉದ್ದವನ್ನು ಬದಲಿಸಿ ಮತ್ತೆ ಮತ್ತೆ ಮಾಡುವುದು. ಈ ಅಂಕಿಗಳಿಂದ ಭೂಮಿಯ ಗುರುತ್ವಾಕರ್ಷಣೆಯ ವೇಗೋತ್ಕರ್ಷವನ್ನು ಲೆಕ್ಕ ಹಾಕಬಹುದು. ಪಠ್ಯಪುಸ್ತಕದಲ್ಲಿ ಅದರ ಬೆಲೆ 981 ಎಂದು ಅಚ್ಚಾಗಿರುತ್ತದೆ. ಅಂದರೆ ಮೇಲಿನಿಂದ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 981 ಸೆಂಟಿಮೀಟರಿನಷ್ಟು ಹೆಚ್ಚುತ್ತದೆ. ವಿದ್ಯಾರ್ಥಿಗಳಿಗೆ ಈ ಸಂಖ್ಯೆ ಮೊದಲೇ ಗೊತ್ತು. ಆದ್ದರಿಂದ ಹೆಚ್ಚಿನವರು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ, ಗಡಿಯಾರ ಏನು ತೋರಿಸಬೇಕಾಗಿತ್ತೋ ಅದನ್ನೇ ಬರೆದುಕೊಂಡು ಬರುತ್ತಿದ್ದರು. ಕೆಲವರು ಹಿಂದಿನ ವರ್ಷದವರ ದಾಖಲೆ ಪುಸ್ತಕವನ್ನು ನೋಡಿ ಬರೆಯುತ್ತಿದ್ದರು. ನಾನು ಕೊನೆಯ ಪುಟ ತೆರೆದು, 981ರ ಆಸುಪಾಸಿನಲ್ಲಿದೆಯೇ ಎಂದು ನೋಡಿ, ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತಿದ್ದೆ. ಒಂದು ತರಗತಿಯಲ್ಲಿ ಅರವತ್ತು ಜನ. ಒಂದು ಮಧ್ಯಾಹ್ನದಲ್ಲಿ ಅರವತ್ತು ಸಹಿ.

ಒಮ್ಮೆ ಒಬ್ಬ ಹುಡುಗ 977 ಎಂದು ಬರೆದು ತಂದ. ಹಳ್ಳಿಯಿಂದ ಬಂದವನು, ಮಿತಭಾಷಿ. ಮೂರು ದಿನ ಸಂಜೆ ಉಳಿದುಕೊಂಡು ಪ್ರಯೋಗವನ್ನು ಮತ್ತೆ ಮತ್ತೆ ಮಾಡಿದ್ದ. ನಾನು ಪುಸ್ತಕವನ್ನು ಅವನತ್ತ ಸರಿಸಿ, “ತಪ್ಪಾಗಿದೆ, ಸರಿಮಾಡಿಕೊಂಡು ಬಾ” ಎಂದೆ. “ಗಡಿಯಾರ ಇಷ್ಟೇ ತೋರಿಸುತ್ತದೆ ಸಾರ್” ಎಂದ. “ಪುಸ್ತಕ ನೋಡಪ್ಪ” ಎಂದೆ. ಮರುದಿನ 981 ಎಂದು ತಿದ್ದಿಕೊಂಡು ಬಂದ. ಸಹಿ ಹಾಕಿದೆ. “ಈಗ ಸರಿಹೋಯಿತು” ಎಂದು ಬೆನ್ನು ತಟ್ಟಿಯೂ ಕಳುಹಿಸಿದೆ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಗುರುತ್ವದ ಬೆಲೆ ಭೂಮಿಯ ಮೇಲೆ ಎಲ್ಲ ಕಡೆಯೂ ಒಂದೇ ಆಗಿಲ್ಲ. ಭೂಮಿ ತಿರುಗುತ್ತಿದೆ, ನಡುವಿನಲ್ಲಿ ಉಬ್ಬಿಕೊಂಡಿದೆ. ಆದ್ದರಿಂದ ಧ್ರುವಪ್ರದೇಶಗಳಲ್ಲಿ ಆ ಬೆಲೆ 983ರಷ್ಟಿದ್ದರೆ ಸಮಭಾಜಕ ವೃತ್ತದ ಬಳಿ 978ರಷ್ಟಿದೆ. ಪುಸ್ತಕದ 981 ಯೂರೋಪಿನಂಥ ಅಕ್ಷಾಂಶಗಳಿಗೆ ಹೊಂದುವ ಸಂಖ್ಯೆ. ನಮ್ಮ ನಾಡಿನಲ್ಲಿ ನಿಜವಾದ ಬೆಲೆ 978ರ ಸಮೀಪವಿದೆ. ಹುಡುಗನ ಸಾಧನದಲ್ಲಿ ಅಷ್ಟಿಷ್ಟು ದೋಷ ಇದ್ದೇ ಇರುತ್ತದೆ. ಅವನೇನೂ ಹೊಸ ಸಂಶೋಧನೆ ಮಾಡಿದನೆಂದು ನಾನು ಹೇಳುವುದಿಲ್ಲ. ಆದರೆ ಅವನ 977 ಸತ್ಯಕ್ಕೆ ಹತ್ತಿರವಾಗಿತ್ತು, ನನ್ನ 981 ದೂರವಾಗಿತ್ತು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೇ ಅದನ್ನು ಪಾಠ ಮಾಡುತ್ತಿದ್ದೆ. ಆದರೆ ಸಹಿ ಹಾಕುವ ಆತುರದಲ್ಲಿ ನನ್ನ ಪಾಠ ನನಗೇ ನೆನಪಾಗಲಿಲ್ಲ.

ಹತ್ತು ಹನ್ನೆರಡು ವರ್ಷಗಳು ಕಳೆದವು. ಒಂದು ರಾತ್ರಿ ಅದೇ ಹುಡುಗ, ಈಗ ಸಂಸಾರಸ್ಥ, ನನ್ನ ಮನೆಯ ಬಾಗಿಲು ತಟ್ಟಿದ. ಕಟ್ಟಡ ನಿರ್ಮಾಣದ ಒಂದು ಸಂಸ್ಥೆಯಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದ. ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು: ಕಾಂಕ್ರೀಟು ಹಾಕುವಾಗ ಅದರದೇ ಮಿಶ್ರಣದಿಂದ 15 ಸೆಂಟಿಮೀಟರಿನ ಘನಾಕೃತಿಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು ಹದಮಾಡಿ, 7 ದಿನಗಳಿಗೆ ಕೆಲವನ್ನು, 28 ದಿನಗಳಿಗೆ ಉಳಿದವನ್ನು ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಷ್ಟು ಭಾರಕ್ಕೆ ಒಡೆಯಿತೆಂಬುದರಿಂದ ಕಂಬದ ಬಲ ತಿಳಿಯುತ್ತದೆ. ಒಂದು ಮಳೆಗಾಲದಲ್ಲಿ ಎರಕ ಹಾಕಿದ ಕೆಲವು ಘನಗಳು ಇರಬೇಕಾದದ್ದಕ್ಕಿಂತ ಕಡಿಮೆ ಭಾರಕ್ಕೇ ಒಡೆದಿದ್ದವು. ಮೇಲಿನವರು, “ಅಂಕಿಗಳನ್ನು ಸರಿಮಾಡಿ ಕೊಡು” ಎಂದರು. ಅವನು ಸರಿಮಾಡಿ, ಸಹಿ ಹಾಕಿ ಕೊಟ್ಟಿದ್ದ. ಆ ಕಂಬಗಳ ಮೇಲೆ ಮತ್ತೆರಡು ಅಂತಸ್ತು ಏರಿದ್ದವು. ಅವನಿಗೆ ನಿದ್ರೆ ಹೋಗಿತ್ತು.

ಅವನು ನನ್ನನ್ನು ದೂರಲು ಬಂದಿರಲಿಲ್ಲ. ಸಲಹೆ ಕೇಳಲು ಬಂದಿದ್ದ. ಆದರೆ ಮಾತಿನ ನಡುವೆ ತಲೆ ತಗ್ಗಿಸಿಕೊಂಡೇ ಹೇಳಿದ: “ಉತ್ತರ ನೋಡಿಕೊಂಡು ಅಂಕಿ ಬರೆಯುವುದು ಕಷ್ಟವಾಗಲಿಲ್ಲ ಸಾರ್. ಅದು ಮೊದಲ ವರ್ಷದಲ್ಲೇ ಅಭ್ಯಾಸವಾಗಿತ್ತು.”

ಬಂಧುಗಳೇ, ನನಗೆ ಬಂದ ಪ್ರಶಸ್ತಿ ಪತ್ರಗಳನ್ನು ನಾನು ಮರೆತಿದ್ದೇನೆ. ಈ ಮಾತನ್ನು ಮರೆತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೂರು ಅಂಕಿಗಳ ಒಂದು ಸಂಖ್ಯೆಯಲ್ಲಿ ನಾನು ಬಿಟ್ಟುಕೊಟ್ಟದ್ದು ಒಬ್ಬ ಸತ್ಯವಂತ ಹುಡುಗನ ಮಾನವನ್ನು. ಮುಂದೆ ಅವನು ಕಟ್ಟಡದ ಯಜಮಾನರಿಗೆ ಕಾಗದ ಬರೆದು ನಿಜವನ್ನು ತಿಳಿಸಿದ. ಕೆಲಸ ಹೋಯಿತು. ಕಂಬಗಳನ್ನು ಕೊರೆದು ಪರೀಕ್ಷಿಸಿದರು, ದುರ್ಬಲವಾಗಿದ್ದವನ್ನು ಬಲಪಡಿಸಿದರು. ಆ ಕಟ್ಟಡದಲ್ಲಿ ಇಂದು ಸಂಸಾರಗಳು ವಾಸವಾಗಿವೆ. ಒಂದು ವರ್ಷ ಅವನ ಮನೆ ಸಾಲದಲ್ಲಿ ನಡೆಯಿತು. ಸತ್ಯ ಹೇಳಿದವನಿಗೆ ಕೂಡಲೇ ಬಹುಮಾನ ದೊರೆಯುತ್ತದೆಂದು ನಾನು ನಿಮ್ಮ ಮಕ್ಕಳಿಗೆ ಹೇಳಲಾರೆ.

ವಿಜ್ಞಾನವನ್ನು ಬೇರೆ ರೀತಿಯಲ್ಲಿಯೂ ಕಲಿಸಬಹುದು ಎಂಬುದಕ್ಕೆ ನಮ್ಮ ಪವಿತ್ರ ಸಭೆಯ ಚರಿತ್ರೆಯಲ್ಲಿಯೇ, ಅದೂ ಇದೇ ಲೋಲಕದ ವಿಷಯದಲ್ಲಿಯೇ, ಒಂದು ಉದಾಹರಣೆಯಿದೆ. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಜೊವಾನ್ನಿ ಬತ್ತಿಸ್ತಾ ರಿಚ್ಚಿಯೋಲಿ ಎಂಬ ಯೇಸುಸಭೆಯ ಗುರುಗಳಿದ್ದರು. ಸರಿಯಾಗಿ ಒಂದು ಸೆಕೆಂಡಿಗೊಮ್ಮೆ ತೂಗುವ ಲೋಲಕವನ್ನು ಮಾಡಬೇಕೆಂದು ಅವರು ಹೊರಟರು. ದಿನವೊಂದಕ್ಕೆ 86,400 ಸೆಕೆಂಡುಗಳು. ತಮ್ಮ ಸಭೆಯ ಒಂಬತ್ತು ಮಂದಿಯನ್ನು ಕೂಡಿಸಿಕೊಂಡು ಇಡೀ 24 ಗಂಟೆಗಳ ಕಾಲ, ತೂಗು ನಿಲ್ಲದಂತೆ ನೋಡಿಕೊಳ್ಳುತ್ತಾ, ಒಂದೊಂದನ್ನೂ ಎಣಿಸಿದರು. 87,998 ಬಂತು. ಶೇಕಡಾ ಎರಡಕ್ಕೂ ಕಡಿಮೆ ವ್ಯತ್ಯಾಸ. ಯಾರು ತಾನೇ ಕೇಳುತ್ತಿದ್ದರು? ಅವರು ತಿದ್ದಲಿಲ್ಲ. ಲೋಲಕವನ್ನು ಬದಲಿಸಿ ಮತ್ತೊಮ್ಮೆ ಒಂದು ಹಗಲು ಒಂದು ರಾತ್ರಿ ಎಣಿಸಿದರು. 86,999 ಬಂತು. ಅದನ್ನೂ ಹಾಗೆಯೇ ಬರೆದರು.

ಇನ್ನೂ ದೊಡ್ಡ ಪರೀಕ್ಷೆ ಮುಂದೆ ಕಾದಿತ್ತು. ಬೀಳುವ ವಸ್ತುಗಳ ಬಗ್ಗೆ ಗೆಲಿಲಿಯೋ ಹೇಳಿದ ನಿಯಮ ತಪ್ಪಾಗಿರಬೇಕೆಂದು ರಿಚ್ಚಿಯೋಲಿಯವರು ಶಂಕಿಸಿದ್ದರು. ಗೆಲಿಲಿಯೋನನ್ನು ಸಭೆಯ ನ್ಯಾಯಾಸನ 1633ರಲ್ಲಿ ದಂಡಿಸಿತ್ತು. ಭೂಮಿಯ ಚಲನೆಯ ವಿಷಯದಲ್ಲಿ ರಿಚ್ಚಿಯೋಲಿಯವರೂ ಅವನ ವಿರೋಧಿಗಳೇ. ಅವರು ಬೊಲೋನ್ಯದ ಅಸಿನೆಲ್ಲಿ ಗೋಪುರದ ಮೇಲಿನಿಂದ ಗುಂಡುಗಳನ್ನು ಬೀಳಿಸಿ, ಲೋಲಕದಿಂದ ಕಾಲವನ್ನು ಅಳೆದರು. ಅಂಕಿಗಳು ಗೆಲಿಲಿಯೋನ ಪರವಾಗಿ ನುಡಿದವು. ಅದನ್ನು ಮುಚ್ಚಿಡುವ ಬದಲು ಅವರು ತಮ್ಮ ಸಹೋದ್ಯೋಗಿ ಗ್ರಿಮಾಲ್ದಿಯವರೊಡನೆ, ಅದೇ ಊರಿನಲ್ಲಿ ಗಣಿತ ಪ್ರಾಧ್ಯಾಪಕನಾಗಿದ್ದ ಗೆಲಿಲಿಯೋನ ಅನುಯಾಯಿ ಕವಾಲಿಯೇರಿಯ ಬಳಿಗೆ ತಾವಾಗಿಯೇ ಹೋಗಿ ಸುದ್ದಿ ತಿಳಿಸಿದರು. 1651ರಲ್ಲಿ ತಮ್ಮ ಬೃಹದ್ಗ್ರಂಥದಲ್ಲಿ ಅಚ್ಚು ಹಾಕಿಸಿದರು. ಭೂಮಿಯ ಚಲನೆಯ ವಿಷಯದಲ್ಲಿ ರಿಚ್ಚಿಯೋಲಿಯವರ ಅಭಿಪ್ರಾಯ ತಪ್ಪೆಂದು ಕಾಲ ತೋರಿಸಿತು. ಗೆಲಿಲಿಯೋನ ವಿಷಯದಲ್ಲಿ ಆದ ತಪ್ಪನ್ನು 1992ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಬಹಿರಂಗವಾಗಿ ಒಪ್ಪಿಕೊಂಡರು. ಆದರೆ ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಅಂಕಿಯನ್ನು ತನ್ನ ಕೈಯಿಂದಲೇ ಬರೆದ ಆ ಗುರುವಿನ ಸಹಿಗೆ ಇಂದಿಗೂ ಬೆಲೆಯಿದೆ.

ನಮ್ಮ ಕಾಲದ ಇನ್ನೊಂದು ಪ್ರಸಂಗವನ್ನು ಹೇಳುತ್ತೇನೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಎಂಬ ಗಗನನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಗಿ, ಒಬ್ಬ ಶಾಲಾ ಶಿಕ್ಷಕಿಯೂ ಸೇರಿದಂತೆ ಏಳು ಮಂದಿ ಮಡಿದರು. ಅದರ ರಾಕೆಟ್ಟಿನ ಭಾಗಗಳು ಕೂಡುವಲ್ಲಿ ಬಿಸಿ ಅನಿಲ ಸೋರದಂತೆ ರಬ್ಬರಿನಂಥ ಬಳೆಗಳನ್ನು ಇಟ್ಟಿದ್ದರು. ಕೊರೆಯುವ ಚಳಿಯಲ್ಲಿ ಆ ಬಳೆಗಳು ಬಿರುಸಾಗಿ, ತೆರವನ್ನು ಕೂಡಲೇ ಮುಚ್ಚಲಾರವೆಂದು ಅದನ್ನು ತಯಾರಿಸಿದ ಸಂಸ್ಥೆಯ ಇಂಜಿನಿಯರರು ಹಿಂದಿನ ರಾತ್ರಿಯೇ ದೂರವಾಣಿ ಸಭೆಯಲ್ಲಿ ಎಚ್ಚರಿಸಿದ್ದರು, ಹಾರಿಸುವುದು ಬೇಡವೆಂದಿದ್ದರು. ಆದರೆ ಮೇಲಿನಿಂದ ಒತ್ತಡ ಬಂತು. ಒಬ್ಬ ಹಿರಿಯ ಅಧಿಕಾರಿಗೆ, ಇಂಜಿನಿಯರನಂತೆ ಯೋಚಿಸುವುದನ್ನು ಬಿಟ್ಟು ಆಡಳಿತಗಾರನಂತೆ ಯೋಚಿಸೆಂದು ಅವನ ಮೇಲಧಿಕಾರಿ ಹೇಳಿದ. ತೀರ್ಮಾನ ಬದಲಾಯಿತು. ಹಾರಿಸಬಹುದೆಂಬ ಪತ್ರಕ್ಕೆ ಆ ಸಂಸ್ಥೆಯ ಪರವಾಗಿ ಉಡ್ಡಯನ ಕೇಂದ್ರದಲ್ಲಿದ್ದ ಅಲನ್ ಮೆಕ್‌ಡೊನಾಲ್ಡ್ ಎಂಬ ಇಂಜಿನಿಯರ್ ಸಹಿ ಹಾಕಬೇಕಾಗಿತ್ತು. ಅವನು ಹಾಕಲಿಲ್ಲ. ಬೇರೆಯವರು ಹಾಕಿದರು.

ಅವನು ಸಹಿ ಹಾಕದಿದ್ದರೂ ನೌಕೆ ಹಾರಿತಲ್ಲ, ಏನು ಪ್ರಯೋಜನವಾಯಿತು ಎಂದು ನೀವು ಕೇಳಬಹುದು. ಮುಂದೆ ವಿಚಾರಣಾ ಆಯೋಗದ ಮುಂದೆ ಎದ್ದು ನಿಂತು ಆ ರಾತ್ರಿ ನಡೆದದ್ದನ್ನು ಹೇಳಲು ಅವನಿಗೆ ಸಾಧ್ಯವಾಯಿತು. ಸಂಸ್ಥೆ ಅವನ ಸ್ಥಾನವನ್ನು ಕೆಳಗಿಳಿಸಿತು; ಜನಪ್ರತಿನಿಧಿಗಳು ಮಧ್ಯೆ ಬಂದ ಮೇಲೆ ಅವನನ್ನೇ ಆ ಕೀಲುಗಳನ್ನು ಹೊಸದಾಗಿ ರೂಪಿಸುವ ಕೆಲಸಕ್ಕೆ ಮುಖ್ಯಸ್ಥನನ್ನಾಗಿ ಮಾಡಿತು. ಆ ರಾತ್ರಿಯ ಸಭೆಯಲ್ಲಿದ್ದವರೆಲ್ಲ ಉನ್ನತ ಶಿಕ್ಷಣ ಪಡೆದವರು. ತಾಂತ್ರಿಕ ಜ್ಞಾನದ ಕೊರತೆಯಿಂದ ಆ ನೌಕೆ ಬೀಳಲಿಲ್ಲ.

ಜನವರಿ 28 ವಿದ್ಯಾಲಯಗಳ ಪಾಲಕರಾದ ಸಂತ ಥಾಮಸ್ ಅಕ್ವೀನರ ಹಬ್ಬದ ದಿನವೂ ಹೌದು. ಅವರು ಒಂದು ಸೂಕ್ಷ್ಮವಾದ ಭೇದವನ್ನು ತೋರಿಸಿಕೊಟ್ಟಿದ್ದಾರೆ. ವಸ್ತುವನ್ನು ಸರಿಯಾಗಿ ನಿರ್ಮಿಸುವ ಬುದ್ಧಿ ಒಂದು; ಅದು ಕಲೆ, ಇಂದಿನ ಮಾತಿನಲ್ಲಿ ತಂತ್ರಜ್ಞಾನ. ಸರಿಯಾಗಿ ನಡೆದುಕೊಳ್ಳುವ ಬುದ್ಧಿ ಇನ್ನೊಂದು, ಅದು ವಿವೇಕ. ಮೊದಲನೆಯದು ಮಾಡಿದ ವಸ್ತುವನ್ನು ಉತ್ತಮಗೊಳಿಸುತ್ತದೆ, ಎರಡನೆಯದು ಮಾಡುವವನನ್ನು ಉತ್ತಮಗೊಳಿಸುತ್ತದೆ. ಮೊದಲನೆಯದರಲ್ಲಿ ನಿಪುಣನಾದವನು ಎರಡನೆಯದರಲ್ಲಿ ಶೂನ್ಯನಾಗಿರಬಹುದು. ಎರಡನ್ನೂ ಒಂದೇ ಪ್ರಯೋಗಾಲಯದಲ್ಲಿ ಕಲಿಸುವುದೇ ಉನ್ನತ ಶಿಕ್ಷಣದ ಗುರಿ ಎಂದು ನಾನು ತಿಳಿದಿದ್ದೇನೆ. ಬೇರೆ ಬೇರೆ ಗಂಟೆಗಳಲ್ಲಿ ಕಲಿಸಿದರೆ ಎರಡನೆಯದು ಅಂಟುವುದಿಲ್ಲ.

ಸಂತ ಜಾನ್ ಹೆನ್ರಿ ನ್ಯೂಮನ್ನರು 1852ರಲ್ಲಿ ಡಬ್ಲಿನ್ನಿನಲ್ಲಿ ವಿಶ್ವವಿದ್ಯಾನಿಲಯದ ಗುರಿಯನ್ನು ಕುರಿತು ಉಪನ್ಯಾಸಗಳನ್ನು ನೀಡಿದರು. ಮನಸ್ಸನ್ನು ಹದಗೊಳಿಸಿ, ಸರಿಯಾಗಿ ತೂಗಿ ನೋಡುವ ಶಕ್ತಿಯನ್ನು ಬೆಳೆಸುವುದೇ ವಿಶ್ವವಿದ್ಯಾನಿಲಯದ ಕೆಲಸವೆಂದು ಅವರು ಪ್ರತಿಪಾದಿಸಿದರು. ವಿದ್ಯೆ ಮನುಷ್ಯನನ್ನು ಸುಸಂಸ್ಕೃತನನ್ನಾಗಿ ಮಾಡಬಹುದಾದರೂ ಅದೊಂದೇ ಅವನನ್ನು ಸದ್ಗುಣಿಯನ್ನಾಗಿ ಮಾಡಲಾರದೆಂಬುದನ್ನೂ ಅವರು ಮುಚ್ಚಿಡಲಿಲ್ಲ. 2019ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. 2025ರಲ್ಲಿ ಜಗದ್ಗುರು ಹದಿನಾಲ್ಕನೆಯ ಲಿಯೋರವರು ಅವರನ್ನು ಧರ್ಮಸಭೆಯ ಪಂಡಿತರೆಂದು ಸಾರಿದರು. ಅವರ ಮಾತು ಇಂದು ಹಿಂದೆಂದಿಗಿಂತಲೂ ಹೆಚ್ಚು ಅಗತ್ಯವಾಗಿದೆ. ಕಾರಣವನ್ನು ಹೇಳುತ್ತೇನೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಜನಬಳಕೆಗೆ ಬಂದ ಮೇಲೆ, ಕೇಳಿದ್ದಕ್ಕೆಲ್ಲ ಬರೆದುಕೊಡುವ ಯಂತ್ರಗಳು ಮನೆಮನೆಗೂ ಬಂದಿವೆ. ನನ್ನ ಕಾಲದ ಹುಡುಗ 981ರಿಂದ ಹಿಂದಕ್ಕೆ ಲೆಕ್ಕ ಹಾಕಲು ಒಂದು ಗಂಟೆಯಾದರೂ ಕುಳಿತುಕೊಳ್ಳಬೇಕಾಗಿತ್ತು. ಅಷ್ಟಾದರೂ ಗಣಿತ ಅವನಿಗೆ ಬರುತ್ತಿತ್ತು. ಇಂದಿನ ಯಂತ್ರ, ದಾರವನ್ನೇ ಕಟ್ಟದ ಪ್ರಯೋಗಕ್ಕೆ ಅಂಕಿಗಳ ಪಟ್ಟಿಯನ್ನು, ನೈಜವಾಗಿ ಕಾಣುವಷ್ಟು ಸಣ್ಣಪುಟ್ಟ ದೋಷಗಳನ್ನೂ ಬೆರೆಸಿ, ನಿಮಿಷದೊಳಗೆ ಬರೆದುಕೊಡುತ್ತದೆ. ಪ್ರಬಂಧ, ವರದಿ, ಲೆಕ್ಕ ಯಾವುದೂ ಅದಕ್ಕೆ ಹೊರತಲ್ಲ. ಈ ಯಂತ್ರಗಳನ್ನು ನಾನು ಹಳಿಯುವುದಿಲ್ಲ. ಕುರುಡರಿಗೆ ಪುಸ್ತಕ ಓದಿ ಹೇಳುವ, ವೈದ್ಯರಿಗೆ ರೋಗದ ಚಿತ್ರಗಳನ್ನು ಪರಿಶೀಲಿಸಲು ನೆರವಾಗುವ ಸಾಧನವನ್ನು ಹಳಿಯುವುದು ಅವಿವೇಕ. ಆದರೆ ಉತ್ತರ ಕೊಡುವುದಷ್ಟೇ ವಿದ್ಯೆಯಾಗಿದ್ದರೆ, ಕಾಲೇಜುಗಳಿಗೆ ಇನ್ನು ಕೆಲಸವಿಲ್ಲ.

ಯಂತ್ರ ಮಾಡಲಾರದ ಒಂದು ಕೆಲಸವಿದೆ. ಅದು ವರದಿಯನ್ನು ಬರೆಯಬಲ್ಲದು. ಆ ವರದಿಯ ಕೆಳಗೆ ಸಹಿ ಹಾಕಲಾರದು. ಸಹಿಯೆಂದರೆ ಬರಿಯ ಹೆಸರಲ್ಲ. ಇದನ್ನು ನಾನು ನೋಡಿದ್ದೇನೆ, ಇದಕ್ಕೆ ನಾನು ಹೊಣೆ, ನಾಳೆ ಕಂಬ ಕುಸಿದರೆ ನನ್ನನ್ನು ಕೇಳಿರಿ ಎಂಬ ಮಾತು ಅದು. ನಿದ್ರೆಗೆಟ್ಟು ರಾತ್ರಿ ಗುರುವಿನ ಬಾಗಿಲು ತಟ್ಟುವ ಶಕ್ತಿ ಯಂತ್ರಕ್ಕಿಲ್ಲ. 2025ರ ಜನವರಿ 28ರಂದು, ಅದೇ ಸಂತ ಥಾಮಸರ ಹಬ್ಬದಂದು, ಪವಿತ್ರ ಪೀಠವು ಕೃತಕ ಬುದ್ಧಿಮತ್ತೆಯನ್ನು ಕುರಿತು ‘ಆಂತೀಕ್ವಾ ಎತ್ ನೋವಾ’ ಎಂಬ ಟಿಪ್ಪಣಿಯನ್ನು ಹೊರಡಿಸಿತು. ಯಂತ್ರದ ಬಳಕೆಯಿಂದಾಗುವ ಒಳಿತು ಕೆಡುಕುಗಳ ನೈತಿಕ ಹೊಣೆ ಮನುಷ್ಯನದೇ ಎಂಬುದು ಅದರ ತಿರುಳುಗಳಲ್ಲೊಂದು. ಹೊಣೆ ಹೊರಬಲ್ಲ ಮನುಷ್ಯರನ್ನು ಸಿದ್ಧಪಡಿಸುವ ಕೆಲಸ ಮಾತ್ರ ಇನ್ನು ಕಾಲೇಜುಗಳ ಪಾಲಿಗೆ ಉಳಿದಿದೆ. ಉಳಿದದ್ದೇ ಮುಖ್ಯವಾದದ್ದು.

ಹಾಗಾದರೆ ನಾವೇನು ಮಾಡಬೇಕು? ಮೂರು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು ನನ್ನಂಥ ಅಧ್ಯಾಪಕರಿಗೆ. ತಪ್ಪಾದರೂ ಸ್ವಂತದ್ದಾದ ಅಂಕಿಗೆ, ಸರಿಯಾದರೂ ಕದ್ದದ್ದಾದ ಅಂಕಿಗಿಂತ ಹೆಚ್ಚು ಮನ್ನಣೆ ಕೊಡಿರಿ. ಆ ಹುಡುಗ ಬಂದು ಹೋದ ಮೇಲೆ ನನ್ನ ನಿವೃತ್ತಿಗೆ ಆರು ವರ್ಷಗಳು ಉಳಿದಿದ್ದವು. ಆ ಆರು ವರ್ಷ 981 ಬರೆದು ತಂದವನನ್ನು ಕೂರಿಸಿಕೊಂಡು, ದಾರ ಕಟ್ಟಿ, ನನ್ನೆದುರಿನಲ್ಲಿ ಎಣಿಸೆಂದೆ. ಏಕೆ ಬೇರೆ ಬಂತೆಂದು ಅವನೇ ಹುಡುಕುವಂತೆ ಮಾಡಿದೆ. ಪಾಠಗಳು ಮುಗಿಯುತ್ತಿಲ್ಲವೆಂದು ನನ್ನ ಮೇಲೆ ದೂರುಗಳು ಹೋದವು. ಹೋಗಲಿ. ಕಲಿಸುವವನೇ ಸುಳ್ಳಿಗೆ ಸಹಿ ಹಾಕಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ.

ಎರಡನೆಯದು ತಂದೆತಾಯಿಯರಿಗೆ. ಮಗ ಮನೆಗೆ ಬಂದಾಗ ಎಷ್ಟು ಅಂಕ ಬಂತೆಂದು ಕೇಳುತ್ತೀರಿ; ಹೇಗೆ ಬಂತೆಂದೂ ಕೇಳಿರಿ. ಉದ್ಯೋಗಕ್ಕೆ ಸೇರಿದ ಮಗಳಿಗೆ ಸಂಬಳವೆಷ್ಟೆಂದು ಕೇಳುತ್ತೀರಿ. ಏನು ಕೆಲಸ, ಅದರಿಂದ ಯಾರಿಗೆ ಒಳಿತು ಎಂದೂ ಕೇಳಿರಿ. ಒಂದು ದಿನ ಅವಳು ಸುಳ್ಳಿಗೆ ಸಹಿ ಹಾಕಲಾರೆನೆಂದು ಕೆಲಸ ಬಿಟ್ಟು ಬಂದರೆ, ನೆರೆಹೊರೆಯವರು ಏನೆಂದಾರು ಎಂದು ಅಂಜದೆ, ಅವಳಿಗೆ ಊಟ ಬಡಿಸಿರಿ. ನಮ್ಮ ಮಕ್ಕಳು ಸತ್ಯ ಹೇಳಲು ಹೆದರುವುದು ಹಲವು ವೇಳೆ ಮೇಲಧಿಕಾರಿಗಳಿಗಲ್ಲ, ನಮಗೆ. ಮತ್ತು ಈ ಧರ್ಮಕೇಂದ್ರಕ್ಕೂ ಇದರಲ್ಲಿ ಪಾಲಿದೆ. ನನ್ನ ಆ ವಿದ್ಯಾರ್ಥಿ ಕೆಲಸ ಕಳೆದುಕೊಂಡಾಗ ಅವನ ಮನೆಗೆ ಅಕ್ಕಿ ಕಳುಹಿಸಿದವರು ಅವನ ಊರಿನ ದೇವಾಲಯದ ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು. ಅವರು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಉನ್ನತ ಶಿಕ್ಷಣಕ್ಕೆ ಅವರು ಸಲ್ಲಿಸಿದ ಸೇವೆ ನನಗಿಂತ ದೊಡ್ಡದು.

ಮೂರನೆಯದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಯುವಕ ಯುವತಿಯರಿಗೆ. ಯಂತ್ರವನ್ನು ಬಳಸಿರಿ, ಆದರೆ ಅದು ಹೇಳಿದ್ದನ್ನು ನಿಮ್ಮ ಗಡಿಯಾರದಿಂದ ಒಮ್ಮೆ ಅಳೆದು ನೋಡಿರಿ. ಕಳ್ಳ ತಕ್ಕಡಿಯನ್ನು ಪವಿತ್ರ ಗ್ರಂಥ ಎಷ್ಟು ಕಟುವಾಗಿ ಖಂಡಿಸುತ್ತದೆಂಬುದನ್ನು ನೀವು ಧರ್ಮೋಪದೇಶದಲ್ಲಿ ಕಲಿತಿದ್ದೀರಿ. ಇಂದಿನ ತಕ್ಕಡಿ ಸಂತೆಯಲ್ಲಿ ತೂಗುವುದಿಲ್ಲ. ಅದು ಪ್ರಯೋಗಾಲಯದ ಪುಸ್ತಕದಲ್ಲಿ, ಗಣಕಯಂತ್ರದ ಪರದೆಯ ಮೇಲೆ, ಪರೀಕ್ಷಾ ವರದಿಯಲ್ಲಿ ತೂಗುತ್ತದೆ. ದೊಡ್ಡ ಸುಳ್ಳಿಗೆ ಸಹಿ ಹಾಕೆಂದು ನಿಮ್ಮನ್ನು ಕೇಳುವ ದಿನ ಬರುವ ಮುಂಚೆ ಸಣ್ಣದಕ್ಕೆ ಬೇಡವೆನ್ನುವ ಅಭ್ಯಾಸವಿರಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನೆಟ್ಟಗೆ ನಿಲ್ಲುವುದನ್ನೂ ಗಿಡವಾಗಿರುವಾಗಲೇ ಕಲಿಯಬೇಕು.

ನನ್ನ ಮಾತು ಮುಗಿಯಿತು. ಮನೆಗೆ ಹೋಗುವ ಮುನ್ನ ನೀವೆಲ್ಲರೂ ಆ ಗಾಜಿನ ಪೆಟ್ಟಿಗೆಯ ಬಳಿ ಒಂದು ನಿಮಿಷ ನಿಲ್ಲಬೇಕೆಂದು ಬೇಡಿಕೊಳ್ಳುತ್ತೇನೆ. ಅಲ್ಲಿನ ಹೆಬ್ಬೆಟ್ಟಿನ ಗುರುತುಗಳಲ್ಲಿ ನಿಮ್ಮ ಮುತ್ತಜ್ಜನದೋ ಮುತ್ತಜ್ಜಿಯದೋ ಇರಬಹುದು. ಅವರಿಗೆ ಅಕ್ಷರ ಬರುತ್ತಿರಲಿಲ್ಲ; ನಮಗೆ ಅಕ್ಷರ ಬರಲೆಂದು ಅವರು ಗಾರೆ ಹೊತ್ತು ಈ ದೇವಾಲಯವನ್ನೂ ಪಕ್ಕದ ಶಾಲೆಯನ್ನೂ ಕಟ್ಟಿದರು. ಮುಂದಿನ ನೂರು ವರ್ಷಗಳಲ್ಲಿ ನಮ್ಮ ಮೊಮ್ಮಕ್ಕಳು ನಾವು ಸಹಿ ಹಾಕಿದ ಕಾಗದಗಳನ್ನು ತೆರೆದು ನೋಡಿದಾಗ, ಆ ಹೆಬ್ಬೆಟ್ಟನ್ನು ನಾವು ನಂಬಿದಂತೆ ಅವರೂ ನಮ್ಮನ್ನು ನಂಬುವಂತಾಗಲಿ. ಅದಕ್ಕೆ ಬೇಕಾದ ಧೈರ್ಯವನ್ನು ಪ್ರಭು ನಮಗೆಲ್ಲರಿಗೂ ಕರುಣಿಸಲಿ.